ಮನೆ ನಾಯಿ, ಬೆಕ್ಕು, ಹಸು ಫೋಟೋ ತೆಗಿಯೋಕೆ ಫೋನ್ ಸಾಕಾ, ಹಳೆ ಡಿಎಸ್ಎಲ್ಆರ್ ತಗೋಬೇಕಾ, ಮಿರರ್‌ಲೆಸ್ಸೇ ಬೇಕಾ?

ಹೋದ ವಾರ ಚಿಕ್ಕಮ್ಮನ ಮಗ ಫೋನ್ ಮಾಡಿ "ಅಣ್ಣ, ಕೈಲಿ 40 ಸಾವಿರ ಇದೆ, ನಮ್ಮ ಬ್ರೂನೋ ಫೋಟೋ ತೆಗಿಯೋಕೆ ಯಾವ ಕ್ಯಾಮೆರಾ ತಗೊಳ್ಲಿ ಹೇಳು" ಅಂದ. ಬ್ರೂನೋ ದಿನಾ ಪೂರ್ತಿ ಎಲ್ಲಿರುತ್ತಪ್ಪ ಅಂತ ನಾನು ತಿರುಗಿ ಕೇಳ್ದೆ. ಎರಡನೇ ಮಹಡಿ ಬಾಡಿಗೆ ಮನೆ, ಹಗಲೆಲ್ಲ ಸೋಫಾ ಮೇಲೆ ನಿದ್ದೆ, ಸಂಜೆ ಆರೂವರೆಗೆ ಪಾರ್ಕು, ಅಷ್ಟೊತ್ತಿಗೆ ಬೆಳಕು ಮುಗ್ದೇ ಹೋಗಿರುತ್ತೆ. ಅವನು ಯೂಟ್ಯೂಬಲ್ಲಿ ನೋಡ್ಕೊಂಡು ಬಂದಿದ್ದು ದೊಡ್ಡ ಜೂಮ್ ಇರೋ ಕ್ಯಾಮೆರಾ, ಅದನ್ನ ಆ ಮನೆಗೆ ತಂದ್ರೆ ನಾಯಿದು ಮೂಗಿನ ಹೊಳ್ಳೆ ಬಿಟ್ರೆ ಬೇರೇನೂ ಸಿಗಲ್ಲ, ಅದೂ ಅಲುಗಾಡಿಕೊಂಡು.

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ, ಯಾಕಂದ್ರೆ ಈ ಪ್ರಶ್ನೆ ನನಗೆ ತಿಂಗಳಿಗೆ ಒಂದ್ಸಲನಾದ್ರೂ ಬರುತ್ತೆ. ಡಿಎಸ್ಎಲ್ಆರ್ ಅಂದ್ರೆ ಒಳಗೆ ಕನ್ನಡಿ ಇರೋ, ಲೆನ್ಸ್ ಬದಲಾಯಿಸೋ ಕ್ಯಾಮೆರಾ, ಮಿರರ್‌ಲೆಸ್ ಅಂದ್ರೆ ಆ ಕನ್ನಡಿ ಇಲ್ಲದ ಹೊಸ ಥರದ್ದು. ಯಾವ ಕಂಪನಿ, ಎಷ್ಟು ಮೆಗಾಪಿಕ್ಸೆಲ್ ಅನ್ನೋದೆಲ್ಲ ಆಮೇಲೆ. ಮೊದ್ಲು ನಿಮ್ಮ ಪ್ರಾಣಿ ನಿಮ್ಮನ್ನ ಎಷ್ಟು ಹತ್ರ ಬಿಟ್ಕೊಳ್ಳುತ್ತೆ, ಅದಿರೋ ಜಾಗದಲ್ಲಿ ಬೆಳಕು ಎಷ್ಟಿದೆ, ಅದು ಎಷ್ಟು ಜೋರಾಗಿ ಓಡುತ್ತೆ, ಈ ಮೂರು ಗೊತ್ತಾದ್ರೆ ಅರ್ಧ ಅಂಗಡಿ ಅಲ್ಲೇ ಖಾಲಿಯಾಗುತ್ತೆ, ಉಳಿಯೋದು ಒಂದೋ ಎರಡೋ ಆಯ್ಕೆ ಅಷ್ಟೇ. ನಾನು ಮೈಸೂರಲ್ಲಿ ಇರೋದು, ಮನೇಲಿ ಸುಬ್ಬಿ ಅಂತ ಬೆಕ್ಕಿದೆ, ಊರಲ್ಲಿ ಚಿಕ್ಕಪ್ಪನ ಮನೆ ಕೊಟ್ಟಿಗೇಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಎರಡು ಹಸು, ಕರಿಯ ಅಂತ ಒಂದು ನಾಯಿ. ಎಂಟು ವರ್ಷದಿಂದ ಇವರನ್ನೇ ತೆಗೀತಾ ಇರೋದು, ಹಾಗಾಗಿ ಹೇಳೋದೆಲ್ಲ ಇವರಿಂದ ಕಲ್ತಿದ್ದೇ.

ಫೋನ್ ಎಲ್ಲಿವರೆಗೆ ಬರುತ್ತೆ

ಹತ್ರ ಬರೋ ಪ್ರಾಣಿ, ಹಗಲು ಬೆಳಕು, ಜಾಸ್ತಿ ಓಡಾಟ ಇಲ್ಲ ಅಂದ್ರೆ ಫೋನೇ ಸಾಕು, ಇದನ್ನ ನಾನು ಮನಸಾರೆ ಹೇಳ್ತಿದೀನಿ. ಮೊನ್ನೆ ಅಮ್ಮ ಅಕ್ಕಿ ಕೇರೋಕೆ ಅಂತ ಜಗಲಿ ಮೇಲೆ ಮೊರ ಇಟ್ಟು ಒಳಗೆ ಹೋಗಿದ್ರು, ಬರೋಷ್ಟ್ರಲ್ಲಿ ಸುಬ್ಬಿ ಅದರೊಳಗೆ ಸುತ್ತಿಕೊಂಡು ಮಲಗಿದೆ, ಬಾಲದ ತುದಿ ಮೂಗಿನ ಮೇಲೆ, ಒಂದು ಕಿವಿ ಮಾತ್ರ ನಮ್ಮ ಕಡೆ ತಿರುಗಿದೆ. ಆಗ ಕ್ಯಾಮೆರಾ ಬ್ಯಾಗ್ ತೆಗೆದು ಲೆನ್ಸ್ ಹಾಕೋಕೆ ಹೋದ್ರೆ ಬೆಕ್ಕು ಎದ್ದು ಹೋಗಿರುತ್ತೆ. ಜೇಬಿಂದ ಫೋನ್ ತೆಗ್ದೆ, ನೆಲಕ್ಕೆ ಕೂತು ಮೊರದ ಮಟ್ಟಕ್ಕೆ ಕೈ ಇಳಿಸಿದೆ, ನಾಲ್ಕು ಫೋಟೋ, ಮುಗೀತು. ಈ ವರ್ಷ ನಾನು ತೆಗೆದಿರೋದ್ರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಅದೇ.

ಆದ್ರೆ ಫೋನಿಗೆ ಅದರದೇ ತೊಂದ್ರೆಗಳಿವೆ, ಗೊತ್ತಿಲ್ದೆ ಜನ ಫೋನ್ ಸರಿ ಇಲ್ಲ ಅಂತ ಬದಲಾಯಿಸ್ತಾರೆ. ಮುಖ್ಯ ಲೆನ್ಸ್ ತುಂಬಾ ವೈಡ್ ಇರುತ್ತೆ, ನಾಯಿ ಮುಖದ ಹತ್ರ ಹಿಡಿದ್ರೆ ಮೂಗು ಬದನೆಕಾಯಿ ಥರ ಉಬ್ಬಿ ಕಿವಿ ಚಿಕ್ಕದಾಗಿ ಹಿಂದಕ್ಕೆ ಹೋಗುತ್ತೆ. ಎರಡು ಹೆಜ್ಜೆ ಹಿಂದೆ ಹೋಗಿ 2x ಅಥವಾ 3x ಇಟ್ಕೊಳ್ಳಿ, ಅದೇ ನಾಯಿ ಅದೇ ಜಾಗ, ಮುಖ ಮುಖದ ಥರ ಬರುತ್ತೆ. ಪೋರ್ಟ್ರೇಟ್ ಮೋಡ್ ಹಿನ್ನೆಲೆ ಮಸುಕು ಮಾಡೋದು ಲೆಕ್ಕಾಚಾರದಿಂದ, ಬೆಕ್ಕಿನ ಮೀಸೆ, ನಾಯಿ ಕಿವಿ ಅಂಚಿನ ಕೂದಲು ಎಲ್ಲಿ ಮುಗಿಯುತ್ತೆ ಅಂತ ಅದಕ್ಕೆ ಸರಿಯಾಗಿ ಗೊತ್ತಾಗಲ್ಲ, ಅರ್ಧ ಮೀಸೆ ಅಳಿಸಿ ಹಾಕಿಬಿಡುತ್ತೆ. ನಾನಂತೂ ಬೆಕ್ಕಿಗೆ ಆ ಮೋಡ್ ಹಾಕೋದೇ ಬಿಟ್ಟೆ. ಇನ್ನು ನೈಟ್ ಮೋಡ್, ಅದು ಒಂದೆರಡು ಸೆಕೆಂಡ್ ಹಿಡಿದು ಸುಮಾರು ಫ್ರೇಮ್ ತೆಗೆದು ಒಂದಕ್ಕೊಂದು ಸೇರಿಸೋದು, ಗೋಡೆ ಕ್ಯಾಲೆಂಡರ್ ಚೆನ್ನಾಗಿ ಬರುತ್ತೆ, ಬಾಲ ಅಲ್ಲಾಡಿಸೋ ನಾಯಿ ಬರಲ್ಲ. ನಿದ್ದೆ ಮಾಡ್ತಿರೋ ಪ್ರಾಣಿಗೆ ಮಾತ್ರ ಅದು.

ಕರಿಯನಂಥ ಕಪ್ಪು ನಾಯಿ ಇರೋರು ಇದನ್ನ ಗಮನಿಸಿ. ಫೋನಾಗ್ಲಿ ಕ್ಯಾಮೆರಾ ಆಗ್ಲಿ ಕಂಡಿದ್ದನ್ನೆಲ್ಲ ನಡುಮಧ್ಯದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ, ಅದಕ್ಕೇ ಕಪ್ಪು ನಾಯಿ ಬೂದಿ ಬಳಿದ ಹಾಗೆ ಬರೋದು, ಬಿಳಿ ಎತ್ತು ಕೊಳೆಯಾದ ಹಾಗೆ ಕಾಣೋದು. ಫೋನಲ್ಲಿ ನಾಯಿ ಮುಖ ಮುಟ್ಟಿ ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಸ್ವಲ್ಪ ಕೆಳಗೆ ಎಳೀರಿ, ಕ್ಯಾಮೆರಾದಲ್ಲಾದ್ರೆ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಫೋಟೋ ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ 1ರ ಹತ್ರ. ಬಿಳಿ ಹಸು, ಬಿಳಿ ಬೆಕ್ಕಿಗೆ ಇದರ ಉಲ್ಟಾ. ಹಾಗೇ ಕಪ್ಪು ಪ್ರಾಣಿಗೆ ಕಣ್ಣಲ್ಲಿ ಬೆಳಕಿನ ಒಂದು ಚುಕ್ಕಿ ಇಲ್ದಿದ್ರೆ ಮುಖವೇ ಕಾಣಲ್ಲ, ಬಾಗಿಲ ಕಡೆ ಮುಖ ಮಾಡಿಸಿ ಕೂರಿಸ್ಕೊಳ್ಳಿ. ಬೆಳಿಗ್ಗೆ ಎಂಟು ಒಂಬತ್ತು ಗಂಟೆ, ಬಿಸಿಲು ನೇರ ಬೀಳದ ಬಾಗಿಲು, ನೀವು ಹೊಸ್ತಿಲ ಹೊರಗೆ, ನಾಯಿ ಒಳಗೆ. ದುಡ್ಡು ಕೊಟ್ಟು ತಗೊಳ್ಳೋ ಯಾವ ಲೈಟೂ ನನಗೆ ಇಷ್ಟು ಕೊಟ್ಟಿಲ್ಲ.

ಫ್ಲ್ಯಾಶ್ ಬಗ್ಗೆ ಒಂದೇ ಮಾತು, ಹಾಕ್ಬೇಡಿ. ನಾಯಿ, ಬೆಕ್ಕು, ಹಸು ಮೂರಕ್ಕೂ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನ ವಾಪಸ್ ಎಸೆಯೋ ಪದರ ಇದೆ, ರಾತ್ರಿ ಗಾಡಿ ಲೈಟಿಗೆ ಕಣ್ಣು ಮಿಂಚೋದು ಅದರಿಂದಾನೇ. ಎದುರಿಗೆ ಫ್ಲ್ಯಾಶ್ ಹೊಡೆದ್ರೆ ಹಸಿರು ದೆವ್ವದ ಕಣ್ಣು ಬರುತ್ತೆ, ಪಾಪ ಅವಕ್ಕೂ ಹಿಂಸೆ, ಇನ್ನೊಂದ್ಸಲ ಕ್ಯಾಮೆರಾ ಕಂಡ್ರೆ ಎದ್ದು ಹೋಗ್ತವೆ.

ದುಡ್ಡು ಹಾಕೋದಾದ್ರೆ ಮೊದ್ಲು ಲೆನ್ಸ್

ಫೋನಿಂದ ಮೇಲಕ್ಕೆ ಹೋಗ್ಬೇಕು ಅನ್ಸೋದು ಸಾಮಾನ್ಯವಾಗಿ ಬೆಳಕು ಕಮ್ಮಿ ಇರೋ ಕಡೆ. ನನಗೆ ಅನ್ಸಿದ್ದು ಕೊಟ್ಟಿಗೇಲಿ. ಬೆಳಿಗ್ಗೆ ಆರೂಕಾಲು, ಚಿಕ್ಕಪ್ಪ ಹಾಲು ಕರೀತಿದ್ರು, ಕರು ಕಟ್ಟಿದ ಗೂಟದಿಂದ ಹಗ್ಗ ಜಗ್ಗಿ ತಾಯಿ ಕಡೆ ನಾಲಿಗೆ ಚಾಚ್ತಾ ಇತ್ತು, ಹೆಂಚಿನ ನಡುವೆ ಕೂರಿಸಿರೋ ಒಂದು ಗಾಜಿನ ಹೆಂಚಿಂದ ಬೆಳಕು ಕೋಲಿನ ಥರ ಇಳಿದು ಕರುವಿನ ಬೆನ್ನ ಮೇಲೆ ಬಿದ್ದಿತ್ತು, ಹೊಗೆ, ಧೂಳು ಎಲ್ಲ ಅದರಲ್ಲಿ ತೇಲ್ತಾ ಇತ್ತು. ಫೋನಲ್ಲಿ ತೆಗೆದ್ರೆ ಕೆಸರು ಕಲಸಿದ ಹಾಗೆ. ಆಗ ನನ್ನ ಹತ್ರ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ ಕ್ಯಾನನ್ 1500ಡಿ ಇತ್ತು, ಜೊತೆಗೆ ಬಂದಿದ್ದ 18-55 ಕಿಟ್ ಲೆನ್ಸ್. ಅದರಲ್ಲಿ ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600 ಇಟ್ಟು ಪೂರ್ತಿ ಜೂಮ್ ಮಾಡಿದ್ರೆ ಸಿಕ್ಕ ಶಟರ್ ವೇಗ 1/20 ಸೆಕೆಂಡ್, ಅಂದ್ರೆ ಫೋಟೋ ಅಷ್ಟು ಹೊತ್ತು ಹಿಡಿಯುತ್ತೆ, ಕರು ಅಷ್ಟರಲ್ಲಿ ತಲೆ ಎರಡು ಸಲ ಅಲ್ಲಾಡಿಸಿರುತ್ತೆ.

ಮುಂದಿನ ತಿಂಗಳು 50ಎಂಎಂ ಎಫ್1.8 ಎಸ್‌ಟಿಎಂ ಲೆನ್ಸ್ ತಗೊಂಡೆ (ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಎಸ್‌ಟಿಎಂ ಅಂದ್ರೆ ಸದ್ದು ಕಮ್ಮಿ ಇರೋ ಫೋಕಸ್ ಮೋಟರ್), ಅದೇ ಕ್ಯಾಮೆರಾ, ಅದೇ ಕೊಟ್ಟಿಗೆ, ಅದೇ ಐಎಸ್ಓ, 1/200 ಸಿಕ್ತು. ಲೆಕ್ಕ ನೋಡಿ, ಕಿಟ್ ಲೆನ್ಸ್ 55ಎಂಎಂ ಹತ್ರ ಎಫ್5.6ಗೆ ನಿಲ್ಲುತ್ತೆ, ಎಫ್1.8 ಅದಕ್ಕಿಂತ ಸುಮಾರು ಒಂಬತ್ತು ಹತ್ತು ಪಟ್ಟು ಜಾಸ್ತಿ ಬೆಳಕು ಒಳಗೆ ಬಿಡುತ್ತೆ. ಇಷ್ಟು ವ್ಯತ್ಯಾಸ ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಂಡ್ರೂ ಬರಲ್ಲ. 2015ರಲ್ಲಿ ಬಂದ ಲೆನ್ಸ್ ಅದು, 160 ಗ್ರಾಂ ತೂಕ, ಸೆಕೆಂಡ್ ಹ್ಯಾಂಡಲ್ಲಿ ಎಲ್ಲಾ ಕಡೆ ಸಿಗುತ್ತೆ. ಅದಕ್ಕಿಂತ ಹಿಂದಿನ 50ಎಂಎಂ 1.8 II ಇನ್ನೂ ಅಗ್ಗಕ್ಕೆ ಸಿಗುತ್ತೆ ಆದ್ರೆ ಫೋಕಸ್ ಮಾಡುವಾಗ ಕಿರ್ರ್ ಅನ್ನುತ್ತೆ, ಬೆಕ್ಕುಗಳು ತಕ್ಷಣ ತಿರುಗಿ ನೋಡ್ತವೆ, ಅದೂ ಅಲ್ದೆ 45 ಸೆಂಟಿಮೀಟರಿಗಿಂತ ಹತ್ರ ಫೋಕಸ್ ಆಗಲ್ಲ, ಎಸ್‌ಟಿಎಂ 35ಕ್ಕೆ ಆಗುತ್ತೆ. ನೂರಿನ್ನೂರು ಉಳಿಸೋಕೆ ಹಳೇದಕ್ಕೆ ಹೋಗ್ಬೇಡಿ.

ಈ ಲೆನ್ಸ್ ತಗೊಂಡವರೆಲ್ಲ ಮೊದಲ ತಿಂಗಳು ಮಾಡೋ ತಪ್ಪು ಒಂದಿದೆ, ಎಲ್ಲಾನೂ 1.8ರಲ್ಲೇ ತೆಗೆಯೋದು. ಒಂದು ಮೀಟರ್ ದೂರದಿಂದ 1.8ರಲ್ಲಿ ತೆಗೆದ್ರೆ ಫೋಕಸ್ ನಿಲ್ಲೋದು ಎರಡೂವರೆ ಸೆಂಟಿಮೀಟರ್ ಆಳ ಅಷ್ಟೇ. ನಾಯಿ ಕಣ್ಣಿಂದ ಮೂಗಿಗೇ ಹತ್ತು ಸೆಂಟಿಮೀಟರ್ ಇರುತ್ತಲ್ಲ, ಕಣ್ಣು ಸರಿ ಬಂದ್ರೆ ಮೂಗು ಮಸುಕು, ಮೂಗು ಸರಿ ಬಂದ್ರೆ ಕಣ್ಣು ಮಸುಕು. ಬೆಳಕು ಇದ್ರೆ ಎಫ್4ಗೆ ಬನ್ನಿ, ಇಲ್ಲಾಂದ್ರೆ ಅರ್ಧ ಮೀಟರ್ ಹಿಂದೆ ಸರೀರಿ. ಮೂಗು ಮಸುಕಾದ್ರೂ ಪರವಾಗಿಲ್ಲ, ಕಣ್ಣು ಮಾತ್ರ ಬಿಡಬೇಡಿ.

50 ಎಲ್ಲರಿಗೂ ಸರಿ ಹೋಗುತ್ತೆ ಅಂತೇನಿಲ್ಲ. ಈ ಕ್ಯಾಮೆರಾಗಳ ಸೆನ್ಸರ್ ಚಿಕ್ಕದಾಗಿರೋದ್ರಿಂದ ಅದು ದೊಡ್ಡ ಸೆನ್ಸರಿನ ಕ್ಯಾಮೆರಾದ 80ಎಂಎಂ ಥರ ಕೆಲಸ ಮಾಡುತ್ತೆ (ಎಂಎಂ ಜಾಸ್ತಿಯಾದಷ್ಟೂ ಹಿಡಿಯೋ ಅಗಲ ಕಮ್ಮಿ), ಎರಡು ಮೀಟರ್ ದೂರ ನಿಂತ್ರೆ ಚೌಕಟ್ಟಲ್ಲಿ ಸುಮಾರು 90 ಸೆಂಟಿಮೀಟರ್ ಅಗಲ ಮಾತ್ರ ಹಿಡಿಯುತ್ತೆ, ಹತ್ತಡಿ ರೂಮಲ್ಲಿ ಒಂದು ಲ್ಯಾಬ್ರಡಾರ್ ಉದ್ದಕ್ಕೆ ಮಲಗಿದ್ರೆ ನಿಮ್ಮ ಬೆನ್ನು ಗೋಡೆಗೆ ತಾಗುತ್ತೆ, ಬಾಲ ಹೊರಗೇ ಉಳಿಯುತ್ತೆ. ಚಿಕ್ಕ ಮನೆ, ಫ್ಲ್ಯಾಟು, ದೊಡ್ಡ ನಾಯಿ ಅಂದ್ರೆ ನಿಕಾನ್‌ನೋರು 35ಎಂಎಂ ಎಫ್1.8ಜಿ ಡಿಎಕ್ಸ್ ನೋಡಿ, ಕ್ಯಾನನ್‌ನೋರು 24ಎಂಎಂ ಎಫ್2.8 ಎಸ್‌ಟಿಎಂ. ಈ 24 ಬಿಸ್ಕತ್ತಿನಷ್ಟು ಚಪ್ಪಟೆ ಇರುತ್ತೆ, 16 ಸೆಂಟಿಮೀಟರ್ ಹತ್ರದವರೆಗೂ ಫೋಕಸ್ ಆಗುತ್ತೆ, ಬೆಕ್ಕಿನ ಮರಿ, ಕೋಳಿ ಪಿಳ್ಳೆ ತೆಗಿಯೋಕೆ ಅದ್ಭುತ. ಬ್ರೂನೋ ಮನೆಗೆ ನಾನು ಹೇಳಿದ್ದು ಇದನ್ನೇ, ಸೆಕೆಂಡ್ ಹ್ಯಾಂಡ್ ಬಾಡಿ ಒಂದು, ವೈಡ್ ಕಡೆಯ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಒಂದು, ಉಳಿದ ದುಡ್ಡು ಹಂಗೇ ಇಟ್ಕೋ ಅಂತ.

ಹಳೆ ಡಿಎಸ್ಎಲ್ಆರ್ ತಗೊಳ್ಳೋರು ನೋಡ್ಕೋಬೇಕಾದ್ದು

ಮಿರರ್‌ಲೆಸ್ ಬಂದ ಮೇಲೆ ಜನ ಡಿಎಸ್ಎಲ್ಆರ್ ಮಾರ್ತಾ ಇದಾರೆ, ನಮ್ಮಂಥ ಹವ್ಯಾಸದವರಿಗೆ ಇದು ಒಳ್ಳೇ ಕಾಲ. ನಿಕಾನ್ ಡಿ3500, ಡಿ5600, ಕ್ಯಾನನ್ 1500ಡಿ, 200ಡಿ, 200ಡಿ II, ಈ ಐದೂ 24 ಮೆಗಾಪಿಕ್ಸೆಲ್‌ನವೇ, ನಿಂತಿರೋ ಪ್ರಾಣಿಗೆ ಫೋಟೋದ ಗುಣಮಟ್ಟದಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗಲ್ಲ. ವ್ಯತ್ಯಾಸ ಇರೋದು ಬೇರೆ ಕಡೆ.

1500ಡಿ ಅತಿ ಅಗ್ಗ, ಆದ್ರೆ ಒಂಬತ್ತೇ ಫೋಕಸ್ ಪಾಯಿಂಟ್, ಸೆಕೆಂಡಿಗೆ ಮೂರೇ ಫೋಟೋ. ನೆಲಕ್ಕೆ ಕೂತು ಹಿಂದಿನ ಸ್ಕ್ರೀನ್ ನೋಡ್ಕೊಂಡು ತೆಗೀತೀನಿ ಅಂದ್ರೆ ಫೋಕಸ್ ಹಿಂದಕ್ಕೆ ಮುಂದಕ್ಕೆ ತಡಕಾಡುತ್ತೆ, ಅಷ್ಟೊತ್ತಿಗೆ ಬೆಕ್ಕು ಅಡುಗೆಮನೇಲಿ. ಅದೇ 200ಡಿ, 200ಡಿ II ಎರಡರಲ್ಲೂ ಡ್ಯುಯಲ್ ಪಿಕ್ಸೆಲ್ ಫೋಕಸ್ ಇದೆ, ಸ್ಕ್ರೀನ್ ನೋಡ್ಕೊಂಡು ತೆಗೆದ್ರೂ ಫೋಕಸ್ ಬೇಗ ಹಿಡಿಯುತ್ತೆ, ಸ್ಕ್ರೀನ್ ತಿರುಗುತ್ತೆ, ಕ್ಯಾಮೆರಾ ನೆಲದ ಮೇಲಿಟ್ಟು ಸ್ಕ್ರೀನ್ ಮೇಲ್ಮುಖ ಮಾಡಿ ಬೆರಳಲ್ಲಿ ಕಣ್ಣು ಮುಟ್ಟಿದ್ರೆ ಆಯ್ತು. ಪ್ರಾಣಿ ತೆಗೆಯೋರು ದಿನದಲ್ಲಿ ಅರ್ಧ ಹೊತ್ತು ಮೊಣಕಾಲ ಮೇಲೇ ಇರ್ತೀವಿ, ವಯಸ್ಸಾದ ಮೊಣಕಾಲಿಗೆ ತಿರುಗೋ ಸ್ಕ್ರೀನ್ ದೊಡ್ಡ ಉಪಕಾರ. ಈಗ ಮತ್ತೆ ತಗೊಳ್ಳೋದಾದ್ರೆ ನಾನು 200ಡಿ II ತಗೋತೀನಿ, ಎರಡು ಮೂರು ಸಾವಿರ ಜಾಸ್ತಿ ಆದ್ರೂ ಸರಿ.

ಡಿ3500ದು ಬ್ಯಾಟರಿ ಅಂದ್ರೆ ಬ್ಯಾಟರಿ, ಒಂದು ಚಾರ್ಜಿಗೆ 1550 ಫೋಟೋ ಅಂತ ಕಂಪನಿನೇ ಹೇಳುತ್ತೆ, ಜಾತ್ರೆಗೆ ಹೋದ್ರೆ ಎರಡು ದಿನ ಚಾರ್ಜರ್ ಮುಟ್ಟಬೇಕಿಲ್ಲ, ಸೆಕೆಂಡಿಗೆ ಐದು ಫೋಟೋ, ಕೈಗೆ ಹಗುರ. ಆದ್ರೆ ಸ್ಕ್ರೀನ್ ಅಲ್ಲಾಡಲ್ಲ. ನಿಕಾನ್ ತಗೊಳ್ಳೋರು ಒಂದು ವಿಷಯ ನೆನಪಿಡಿ, ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇರಲ್ಲ, 50ಎಂಎಂ 1.8ಡಿ ಅಂತ ಅಗ್ಗಕ್ಕೆ ಸಿಗೋ ಹಳೆ ಲೆನ್ಸ್ ಹಾಕಿದ್ರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡ್ಬೇಕು. ಹೆಸರಲ್ಲಿ ಎಎಫ್-ಎಸ್ (ಮೋಟರ್ ಲೆನ್ಸಲ್ಲೇ ಇದೆ) ಅಂತ ಇದ್ಯಾ ನೋಡಿ ತಗೊಳ್ಳಿ. ಎಎಫ್-ಪಿ ಅಂತ ಹೊಸವೂ ಇವೆ, ಅವು ಡಿ3100, ಡಿ3200ನಂಥ ಹಳೆ ಬಾಡಿಗಳಲ್ಲಿ ಫೋಕಸ್ ಆಗಲ್ಲ.

ಲೆನ್ಸೊಳಗೆ ಹಿಡಿಯೋ ಫಂಗಸ್ (ಬೂಷ್ಟು) ಬಗ್ಗೆ ನನಗೆ ಹೊಟ್ಟೆ ಉರಿದಿರೋ ಕಥೆ ಇದೆ. ಒಂದು ಅಂಗಡೀಲಿ ಟೆಲಿ ಲೆನ್ಸ್ (ದೂರದ್ದನ್ನ ಹತ್ರ ತರೋದು) ತಗೊಂಡೆ, ಹೊರಗಡೆ ಫಳಫಳ, ಮನೆಗೆ ಬಂದು ರಾತ್ರಿ ಟಾರ್ಚ್ ಹಾಕಿ ಹಿಂದಿಂದ ನೋಡಿದ್ರೆ ಒಳಗಿನ ಗಾಜಲ್ಲಿ ಜೇಡರ ಬಲೆ ಥರ ಎಳೆ ಎಳೆಯಾಗಿ ಹಬ್ಬಿದೆ. ವಾಪಸ್ ತಗೊಳ್ಲಿಲ್ಲ, ಕ್ಲೀನ್ ಮಾಡ್ಸೋಕೆ ಲೆನ್ಸಿನ ಅರ್ಧ ದುಡ್ಡು ಹೋಯ್ತು. ಮಲೆನಾಡು, ಕರಾವಳಿ ಕಡೆಯಿಂದ ಬರೋ ಲೆನ್ಸುಗಳಿಗಂತೂ ಇದು ಮಾಮೂಲಿ. ಅಂಗಡೀಲೇ ಎರಡೂ ಕಡೆ ಮುಚ್ಚಳ ತೆಗೆದು ಫೋನ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಕೂದಲೆಳೆ ಅಥವಾ ಹಿಮದ ಹೂವಿನ ಥರ ಏನಾದ್ರೂ ಕಂಡ್ರೆ ಎಷ್ಟೇ ಅಗ್ಗ ಅಂದ್ರೂ ಬಿಟ್ಟು ಬನ್ನಿ. ಮಳೆಗಾಲದಲ್ಲಿ ಕ್ಯಾಮೆರಾನ ಬ್ಯಾಗಲ್ಲಿ ಮುಚ್ಚಿಡಬೇಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕೋದು. ಕೆಲವರು ಅಕ್ಕಿ ಹಾಕ್ತಾರೆ, ಅದರ ಧೂಳು ಲೆನ್ಸೊಳಗೆ ಹೋಗುತ್ತೆ.

ಓಡೋ ಪ್ರಾಣಿಗೆ ಮಿರರ್‌ಲೆಸ್

ಇಲ್ಲಿ ಮಾತ್ರ ಮಿರರ್‌ಲೆಸ್‌ಗೆ ಸರಿಯಾಗಿ ಮಾರ್ಕ್ಸ್ ಕೊಡ್ಬೇಕು. ಪ್ರಾಣಿ ಕಣ್ಣು ಹುಡುಕಿ ಹಿಡಿದುಕೊಳ್ಳೋ ಫೋಕಸ್ 2019ರಲ್ಲಿ ಸೋನಿಯವರ ಎ7 III ಥರದ ಕ್ಯಾಮೆರಾಗಳಿಗೆ ಸಾಫ್ಟ್‌ವೇರ್ ಅಪ್‌ಡೇಟಲ್ಲಿ ಬಂತು, 2020ರಲ್ಲಿ ಕ್ಯಾನನ್ ಆರ್5, ಆರ್6ಗೆ ನಾಯಿ ಬೆಕ್ಕಿನ ಜೊತೆ ಹಕ್ಕೀನೂ ಸೇರಿಸಿದ್ರು, ಈಗ ಆರ್50, ಆರ್10ನಂಥ ಚಿಕ್ಕ ಬಾಡಿಗಳಲ್ಲೂ ಇದೆ. ನಿಕಾನ್ ಝಡ್50ಗೆ ಅಪ್‌ಡೇಟ್ ಹಾಕಿದ್ರೆ ನಾಯಿ ಬೆಕ್ಕು ಗುರುತು ಹಿಡಿಯುತ್ತೆ. ಸೆಕೆಂಡ್ ಹ್ಯಾಂಡಲ್ಲಿ ಸೋನಿ ಎ6400 ನೋಡೋರು ಸಾಫ್ಟ್‌ವೇರ್ ಹೊಸದು ಹಾಕಿದಾರಾ ಕೇಳಿ.

ಇದು ಯಾರಿಗೆ ಬೇಕು ಅಂದ್ರೆ, ನನ್ನ ಸ್ನೇಹಿತ ಒಬ್ಬರು ಮುಧೋಳ ನಾಯಿ ಸಾಕಿದಾರೆ, ಬಾಗಲಕೋಟೆ ಕಡೆಯ ಬೇಟೆನಾಯಿ, 2005ರಲ್ಲಿ ಅಂಚೆ ಇಲಾಖೆ ಸ್ಟಾಂಪ್ ತಂದಿತ್ತಲ್ಲ ಅದೇ ತಳಿ, ಮೈಯೆಲ್ಲ ಬಿಲ್ಲಿನ ಥರ. ಗದ್ದೆ ಕೊಯ್ಲಾದ ಮೇಲೆ ಬಯಲಲ್ಲಿ ಬಿಟ್ರೆ ಕಣ್ಣಿಗೇ ಸಿಗಲ್ಲ, ಕ್ಯಾಮೆರಾಗೆಲ್ಲಿ ಸಿಗುತ್ತೆ. ಗಂಟೆಗೆ 40 ಕಿಲೋಮೀಟರ್ ಓಡೋ ನಾಯಿ ಅಂತಿಟ್ಕೊಳ್ಳಿ, 1/100 ಸೆಕೆಂಡಲ್ಲಿ 11 ಸೆಂಟಿಮೀಟರ್ ಮುಂದೆ ಹೋಗಿರುತ್ತೆ, 1/1000ದಲ್ಲೂ ಒಂದು ಸೆಂಟಿಮೀಟರ್. ಹಾಗಾಗಿ 1/1600, 1/2000 ಇಡಲೇಬೇಕು. ನನ್ನ 1500ಡಿಯಲ್ಲಿ ನಮ್ಮ ಕಡೆಗೇ ನೇರ ಓಡಿ ಬರ್ತಿರೋ ನಾಯೀನ ಇಪ್ಪತ್ತು ತೆಗೆದ್ರೆ ಎರಡು ಸರಿ ಬಂತು, ಅವರ ಆರ್50ಯಲ್ಲಿ ಕಣ್ಣಿನ ಮೇಲೆ ಚಿಕ್ಕ ಚೌಕ ಅಂಟಿಕೊಂಡು ಬಂದ್ಬಿಡ್ತು, ಇಪ್ಪತ್ತರಲ್ಲಿ ಹದಿನಾಲ್ಕು ಸರಿ ಇತ್ತು. ಅಡ್ಡ ಓಡುವಾಗ ಇಬ್ಬರಿಗೂ ಅಷ್ಟೇನೂ ವ್ಯತ್ಯಾಸ ಬರ್ಲಿಲ್ಲ, ಗಮನಿಸಿ, ನಮ್ಮ ಕಡೆ ಬರೋದೇ ಕಷ್ಟದ್ದು.

ಮಲಗಿರೋ ಬೆಕ್ಕಿಗೆ ಮಿರರ್‌ಲೆಸ್‌ನ ಸದ್ದಿಲ್ಲದ ಶಟರ್ ತುಂಬಾ ಚೆನ್ನಾಗಿದೆ, ಆದ್ರೆ ಓಡೋ ನಾಯಿಗೆ ಆ ಸದ್ದಿಲ್ಲದ ಮೋಡ್ ಹಾಕ್ಬೇಡಿ, ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದೋದ್ರಿಂದ ಕಾಲು ಸೊಟ್ಟ ಬರುತ್ತೆ, ಎಲ್ಇಡಿ ಬಲ್ಬ್ ಕೆಳಗೆ ಪಟ್ಟೆ ಪಟ್ಟೆ ಬರುತ್ತೆ. ಬ್ಯಾಟರಿ ಕೆಲವು ನೂರು ಫೋಟೋಗೆ ಮುಗಿಯುತ್ತೆ, ಎರಡನೇ ಬ್ಯಾಟರಿ ಖರ್ಚನ್ನೂ ಮೊದ್ಲೇ ಸೇರಿಸ್ಕೊಳ್ಳಿ. ಇನ್ನೊಂದು, ಜೊತೆಗೆ ಬರೋ 18-45 ಲೆನ್ಸ್ ಕತ್ತಲಲ್ಲಿ ಕಷ್ಟಪಡುತ್ತೆ, ಬಾಡಿಗೇ ದುಡ್ಡೆಲ್ಲ ಸುರಿದು ಕಿಟ್ ಲೆನ್ಸಲ್ಲಿ ನಿಂತ್ರೆ ಮನೆಯೊಳಗೆ 200ಡಿ ಜೊತೆ 50ಎಂಎಂ ಇರೋರು ನಿಮಗಿಂತ ಚೆನ್ನಾಗಿ ತೆಗೀತಾರೆ. ಒಳ್ಳೇ ಸುದ್ದಿ ಅಂದ್ರೆ ಕ್ಯಾನನ್‌ದು ಹಳೆ ಇಎಫ್ (ಡಿಎಸ್ಎಲ್ಆರ್‌ನ) ಲೆನ್ಸುಗಳು ಅಡಾಪ್ಟರ್ ಹಾಕಿದ್ರೆ ಆರ್ (ಮಿರರ್‌ಲೆಸ್) ಬಾಡಿಗಳಲ್ಲಿ ಫೋಕಸ್ ಸಮೇತ ಕೆಲಸ ಮಾಡ್ತವೆ.

ಮಿರರ್‌ಲೆಸ್ಸೇ ತಂದ್ರೂ ಬಗೆಹರಿಯದೇ ಇರೋ ಸನ್ನಿವೇಶ ಒಂದು ಹೇಳ್ತೀನಿ, ಸಂಕ್ರಾಂತಿ ಸಂಜೆ ಕಿಚ್ಚು ಹಾಯಿಸೋದು. ನಮ್ಮ ಮಂಡ್ಯ ಕಡೆ ಎಲ್ಲರೂ ನೋಡಿರ್ತೀರಾ, ಎತ್ತು ಹಸುಗಳಿಗೆ ಮೈ ತೊಳ್ದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳ್ದು, ಟೇಪು, ಬಲೂನು, ಹೂವಿನ ಹಾರ ಎಲ್ಲ ಕಟ್ಟಿ, ಕತ್ತಲಾಗೋ ಹೊತ್ತಿಗೆ ರಸ್ತೆಗಡ್ಡ ಹುಲ್ಲು ಹರಡಿ ಬೆಂಕಿ ಹಾಕ್ತಾರೆ, ಹಗ್ಗ ಹಿಡ್ಕೊಂಡು ಜೊತೆಲೇ ಓಡಿಸ್ಕೊಂಡು ಹಾರಿಸ್ತಾರೆ. ಎತ್ತು ಬೆಂಕಿ ಮೇಲಿರೋದು ಅರ್ಧ ಸೆಕೆಂಡೂ ಇಲ್ಲ. ಮೊದಲ ವರ್ಷ ಫೋನಲ್ಲಿ ತೆಗ್ದೆ, ಬೆಂಕಿ ಬೆಳ್ಳಗೆ ಸುಟ್ಟು ಹೋಗಿತ್ತು, ಎತ್ತು ಹೊಗೆ ಥರ ಒಂದು ಗೆರೆ. ಎರಡನೇ ವರ್ಷ 1500ಡಿ, 50ಎಂಎಂ, ಐಎಸ್ಓ 3200, 1/500, ಬೆಳಕೆಲ್ಲ ಸರಿಯಾಯ್ತು, ಆದ್ರೆ ಫೋಕಸ್ ಪ್ರತೀ ಸಲ ಬೆಂಕಿಗೇ ಹೋಗಿ ಕೂತ್ಕೊಳ್ತು. ಮೂರನೇ ವರ್ಷ ಸ್ನೇಹಿತರ ಆರ್50 ಇಸ್ಕೊಂಡು ಹೋದ್ರೆ ಅದರ ಚೌಕ ಬಲೂನಿಂದ ಹಾರಕ್ಕೆ, ಹಾರದಿಂದ ಹಗ್ಗ ಹಿಡಿದವರ ಮುಖಕ್ಕೆ ಹಾರ್ತಾನೇ ಇತ್ತು.

ಕೊನೆಗೆ ಕೆಲಸ ಆಗಿದ್ದು ಹಳೇ ಕಾಲದ ಉಪಾಯದಿಂದ. ಬೆಂಕಿ ಹಚ್ಚೋಕೆ ಮುಂಚೆ ಹುಲ್ಲಿನ ಸಾಲಿನ ಮೇಲೆ ಒಬ್ಬ ಹುಡುಗನ್ನ ನಿಲ್ಲಿಸಿ ಅವನ ಮೇಲೆ ಫೋಕಸ್ ಮಾಡಿ, ಲೆನ್ಸನ್ನ ಮ್ಯಾನ್ಯುವಲ್‌ಗೆ ಹಾಕಿ, ಆಮೇಲೆ ಅಲುಗಾಡದೆ ಕಾಯೋದು. ಎಫ್2.8 ಇಟ್ಟೆ, ಸ್ವಲ್ಪ ಹಿಂದೆ ಮುಂದೆ ಆದ್ರೂ ನಡೀಲಿ ಅಂತ. ಎತ್ತಿನ ಮುಂಗಾಲು ಮಡಚಿದೆ, ಗೊರಸಿನ ಕೆಳಗೆ ಕಿಡಿ ಚೆಲ್ಲಿದೆ, ಕಣ್ಣಲ್ಲಿ ಕಿತ್ತಲೆ ಬಣ್ಣದ ಒಂದು ಚುಕ್ಕಿ. ಅದನ್ನ ತೆಗೆದಿದ್ದು ಇದ್ದಿದ್ರಲ್ಲೇ ಅಗ್ಗದ ಕ್ಯಾಮೆರಾ. ಅಲ್ಲಿ ಯಾರೂ ದಯವಿಟ್ಟು ಫ್ಲ್ಯಾಶ್ ಹಾಕ್ಬೇಡಿ, ದಾರಿ ಮಧ್ಯ ನಿಲ್ಲಬೇಡಿ, ಬೆದರಿದ ಎತ್ತಿಗೆ ಹಗ್ಗ ಹಿಡಿದವರೂ ಲೆಕ್ಕಕ್ಕಿಲ್ಲ.

ಹತ್ರ ಬಿಟ್ಕೊಳ್ಳದ ಹಕ್ಕಿಗಳಿಗೆ

ಮನೆ ಪ್ರಾಣಿ ತೆಗೀತಾ ತೆಗೀತಾ ಕಣ್ಣು ಹಿತ್ತಲಿನ ಪಿಕಳಾರ, ಸೂರಕ್ಕಿ, ಮಡಿವಾಳ ಹಕ್ಕಿ ಕಡೆ ಹೋಗೋದು ಸಹಜ. ಇಲ್ಲಿ ಆಯ್ಕೆ ಎರಡು. ಇರೋ ಡಿಎಸ್ಎಲ್ಆರ್‌ಗೆ ಟೆಲಿ ಲೆನ್ಸ್, ಇಲ್ಲಾ ನಿಕಾನ್ ಪಿ950 ಥರದ ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬದಲಾಯಿಸೋಕಾಗದ, ದೊಡ್ಡ ಜೂಮಿನದು), 83 ಪಟ್ಟು ಜೂಮ್, 2000ಎಂಎಂಗೆ ಸಮ.

ದೂರದ ಲೆಕ್ಕ ಹಾಕಿ ನೋಡಿ. ಕ್ಯಾನನ್‌ದು 55-250 ಪೂರ್ತಿ ಚಾಚಿದ್ರೆ ಐದು ಮೀಟರ್ ದೂರದ ಪಿಕಳಾರ ಚೌಕಟ್ಟಿನ ಅಗಲದಲ್ಲಿ ಹತ್ರ ಹತ್ರ ಅರ್ಧ ತುಂಬುತ್ತೆ, ಅದೇ ಇಪ್ಪತ್ತು ಮೀಟರ್ ದೂರ ತೆಂಗಿನಮರದ ಮೇಲಿದ್ರೆ ಒಂಬತ್ತರಲ್ಲಿ ಒಂದು ಭಾಗ. ಪಿ950ರಲ್ಲಿ ಆ ಇಪ್ಪತ್ತು ಮೀಟರಲ್ಲೂ ಅರ್ಧಕ್ಕಿಂತ ಜಾಸ್ತಿ ತುಂಬುತ್ತೆ. ಇಷ್ಟು ಕೇಳಿ ಬ್ರಿಡ್ಜೇ ವಾಸಿ ಅನ್ಸುತ್ತೆ, ಬಿಸಿಲಲ್ಲಿ, ಕೂತಿರೋ ಹಕ್ಕಿಗೆ, ಅದು ನಿಜವೂ ಹೌದು, ಹಕ್ಕಿ ಯಾವುದು ಅಂತ ಗುರುತು ಹಿಡಿಯೋ ಆಸೆ ಇರೋರಿಗೆ ನಾನು ಅದನ್ನೇ ತಗೊಳ್ಳಿ ಅಂತೀನಿ. ಆದ್ರೆ ಅದರ ಸೆನ್ಸರ್ ಡಿಎಸ್ಎಲ್ಆರ್‌ದಕ್ಕಿಂತ ಹನ್ನೆರಡರಲ್ಲಿ ಒಂದು ಪಾಲು, ಪೂರ್ತಿ ಜೂಮಲ್ಲಿ ಎಫ್6.5, ಮೋಡ ಕವಿದ್ರೆ, ಮರದ ನೆರಳಿಗೆ ಹೋದ್ರೆ ಗರಿಯೆಲ್ಲ ಬಣ್ಣ ಬಳಿದ ಹಾಗೆ ಕಲಸಿ ಹೋಗುತ್ತೆ, ಹಾರೋ ಹಕ್ಕಿಗೆ ಫೋಕಸ್ ಸಾಲಲ್ಲ, ಮನೆಯೊಳಗಿನ ಬೆಕ್ಕಿಗೆ ಫೋನಿಗಿಂತ ಮೇಲೇನಿಲ್ಲ. ನಾಯಿ, ಹಸು, ಹಕ್ಕಿ ಮೂರೂ ಒಂದರಲ್ಲೇ ಆಗ್ಬೇಕು ಅನ್ನೋರಿಗೆ ಡಿಎಸ್ಎಲ್ಆರ್, 50, ಜೊತೆಗೆ 55-250 ಎಸ್‌ಟಿಎಂ. 75-300 III ಅಂತ ಇನ್ನೂ ಅಗ್ಗದ್ದು ಸಿಗುತ್ತೆ, ಅದರಲ್ಲಿ ಅಲುಗಾಟ ತಡೆಯೋ ಐಎಸ್ ಇಲ್ಲ, ಬೇಡ. ನಿಕಾನ್‌ದು ಎಎಫ್-ಪಿ 70-300 ಡಿಎಕ್ಸ್ ಎರಡು ಥರ ಬರುತ್ತೆ, ನೋಡೋಕೆ ಒಂದೇ, ಹೆಸರಲ್ಲಿ ವಿಆರ್ (ನಿಕಾನ್‌ನೋರ ಅಲುಗಾಟ ತಡೆ) ಇರೋದನ್ನೇ ಕೇಳಿ ತಗೊಳ್ಳಿ.

ಮತ್ತೆ ಹಕ್ಕಿನೇ ಹತ್ರ ಸಿಗೋ ಜಾಗ ನಮ್ಮಲ್ಲಿ ಇವೆ, ಅಲ್ಲಿ 250 ಸಾಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ತವೆ, ಜನ ಮನೆಮಕ್ಕಳ ಥರ ನೋಡ್ಕೊಂಡಿದಾರೆ. ರಂಗನತಿಟ್ಟು, ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮ ಆಗಿದ್ದು, 2022ರಲ್ಲಿ ರಾಮ್ಸರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರ್ತು, ಅಲ್ಲಿ ದೋಣಿ ಬಂಡೆಗಳ ಹತ್ರಾನೇ ಹೋಗುತ್ತೆ, ಮೊಸಳೆ ಬಾಯಿ ತೆರೆದು ಮಲಗಿರೋದು ಕಿಟ್ ಲೆನ್ಸಿಗೂ ಸಿಕ್ಕಿದ್ದುಂಟು. ದೋಣೀಲಿ ಟ್ರೈಪಾಡ್ ಉಪಯೋಗಕ್ಕೆ ಬರಲ್ಲ, ಹೊರಬೇಡಿ. ಗೂಡಿನ ಹತ್ರ ಹೋಗಿ ರೆಂಬೆ ಸರಿಸಿ ಮರಿ ಫೋಟೋ ತೆಗಿಯೋದು ಮಾತ್ರ ಎಲ್ಲೂ ಮಾಡ್ಬೇಡಿ, ತಾಯಿ ಹಕ್ಕಿ ಗೂಡು ಬಿಟ್ಟು ಹೋದ್ರೆ ಆ ಫೋಟೋ ಇಟ್ಕೊಂಡು ಏನು ಮಾಡೋದು.

ಪಂಜರದ ಹಕ್ಕಿ, ಮೀನು ಸಾಕಿರೋರಿಗೆ ಚಿಕ್ಕದಾಗಿ. ನಮ್ಮ ಗಿಳಿಗಳನ್ನ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಹಾಗಾಗಿ ಇಲ್ಲಿ ಹೇಳೋದು ಲವ್ ಬರ್ಡ್ಸ್ ಅಂತ ಕರಿಯೋ ಆಸ್ಟ್ರೇಲಿಯಾ ಮೂಲದ ಬಡ್ಜಿಗಳ ಬಗ್ಗೆ. ಪಂಜರದ ಕಂಬಿಗೆ ಲೆನ್ಸ್ ತಾಗಿಸಿ, 50ಎಂಎಂ ಆದ್ರೆ 1.8ಗೆ ಇಡಿ, ಹಕ್ಕಿ ಸ್ವಲ್ಪ ಒಳಗಿದ್ರೆ ಕಂಬಿ ಮಾಯ. ಅಕ್ವೇರಿಯಂಗೆ ರೂಮ್ ಲೈಟೆಲ್ಲ ಆರಿಸಿ ತೊಟ್ಟಿ ಲೈಟ್ ಒಂದೇ ಬಿಡಿ, ಲೆನ್ಸನ್ನ ಗಾಜಿಗೆ ನೇರವಾಗಿ ಒತ್ತಿ ಹಿಡೀರಿ, ಓರೆ ಹಿಡಿದ್ರೆ ಮೀನಿನ ಅಂಚು ಕಲಸುತ್ತೆ. ಇದಕ್ಕೆ ಫೋನೇ ಚೆನ್ನಾಗಿ ಆಗುತ್ತೆ, ಲೆನ್ಸ್ ಚಪ್ಪಟೆ ಇರೋದ್ರಿಂದ ಗಾಜಿಗೆ ಸರಿಯಾಗಿ ಕೂರುತ್ತೆ.

ಪ್ರಿಂಟ್ ಹಾಕ್ಸೋದು

ಫೋನ್ ಫೋಟೋ ದೊಡ್ಡದಾಗಿ ಬರಲ್ಲ ಅನ್ನೋ ಭಯಕ್ಕೇ ಕೆಲವರು ಕ್ಯಾಮೆರಾ ತಗೋತಾರೆ, ಅದನ್ನೂ ಲೆಕ್ಕ ಹಾಕೋಣ. ಇಂಚಿಗೆ 300 ಚುಕ್ಕಿ ಅಂತಿಟ್ಕೊಂಡ್ರೆ 12 ಮೆಗಾಪಿಕ್ಸೆಲ್ ಫೋನ್ ಫೋಟೋ 13 ಬೈ 10 ಇಂಚಿಗೆ ನೆಮ್ಮದಿಯಾಗಿ ಬರುತ್ತೆ, 24 ಮೆಗಾಪಿಕ್ಸೆಲ್ ಕ್ಯಾಮೆರಾದ್ದು 20 ಬೈ 13ಕ್ಕೆ. ಸ್ಟುಡಿಯೋದಲ್ಲಿ ಎಲ್ಲರೂ ಹಾಕ್ಸೋ 12 ಬೈ 18ಕ್ಕೆ ಕ್ಯಾಮೆರಾದ್ದು ಪೂರ್ತಿ ಸಾಕು, ಫೋನ್‌ದು ಎರಡಡಿ ದೂರದಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಕೆಡೋದು ಎಲ್ಲಿ ಅಂದ್ರೆ ಜೂಮ್ ಮಾಡಿ, ಆಮೇಲೆ ಕತ್ತರಿಸಿ, ಆಮೇಲೆ ವಾಟ್ಸಾಪಲ್ಲಿ ಕಳ್ಸಿದಾಗ. ಮಾಮೂಲಿ ಕಳ್ಸಿದ್ರೆ ಉದ್ದ ಕಡೆ 1600 ಪಿಕ್ಸೆಲ್ ಆಸುಪಾಸಿಗೆ ಇಳಿಸಿಬಿಡುತ್ತೆ, ಐದಿಂಚು ಪ್ರಿಂಟಿಗೆ ಮಾತ್ರ ಸರಿ. ಚಿಕ್ಕಪ್ಪನ ಮನೆ ನಡುಮನೇಲಿ ಕಿಚ್ಚಿನ ಎತ್ತಿನ ಫೋಟೋ 12 ಬೈ 18 ಹಾಕ್ಸಿದ್ದು ಮೊದಲ ಸಲ ಮಸುಕಾಗಿ ಬಂದಿದ್ದು ಇದೇ ಕಾರಣಕ್ಕೆ, ಎರಡನೇ ಸಲ ಅದೇ ಫೈಲನ್ನ ವಾಟ್ಸಾಪಲ್ಲೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ದೆ, ಗೊರಸಿನ ಕೆಳಗಿನ ಕಿಡಿ ಒಂದೊಂದೂ ಬಿಡಿಬಿಡಿಯಾಗಿ ಬಂತು.